ಸಹಿ ಹಾಕುವ ಮುಂಚೆ ಲಾಯರ್‌ಗೆ ತೋರಿಸಿ: ಅಮೆರಿಕದ ಕಾಲೇಜು ಆಟಗಾರರ ಜಾಹೀರಾತು ಕರಾರುಗಳ ಬಗ್ಗೆ

ನನ್ನ ಅಕ್ಕನ ಮಗಳು ಅಮೆರಿಕದ ಒಂದು ಯೂನಿವರ್ಸಿಟಿಯ ಈಜು ತಂಡದಲ್ಲಿದ್ದಾಳೆ. ಹೋದ ವರ್ಷ ಒಂದು ಪಾನೀಯ ಕಂಪನಿಯವರು ಅವಳಿಗೆ ಇನ್‌ಸ್ಟಾಗ್ರಾಮ್‌ನಲ್ಲಿ ಮೆಸೇಜ್ ಹಾಕಿದರು. ಮೂರು ವಿಡಿಯೋ ಮಾಡಿಕೊಟ್ಟರೆ 500 ಡಾಲರ್, ಜೊತೆಗೆ ತಿಂಗಳಿಗೊಂದು ಪೆಟ್ಟಿಗೆ ಡ್ರಿಂಕ್. ಹಿಂದೆಯೇ ಪಿಡಿಎಫ್ ಬಂತು, ಫೋನಿನ ಮೇಲೆ ಬೆರಳಾಡಿಸಿ ಸಹಿ ಹಾಕುವಂಥದ್ದು. "ಚಿಕ್ಕಮ್ಮಾ, ನಾಲ್ಕೇ ಪುಟ. ಹಾಕಿಬಿಡ್ಲಾ?" ಅಂತ ಕೇಳಿದಳು.

ಮೂರನೇ ಪುಟದಲ್ಲಿ ಒಂದು ಸಾಲಿತ್ತು. ಅವಳ ಹೆಸರು, ಮುಖ, ದನಿ ಮೂರನ್ನೂ ಕಂಪನಿ ಜಗತ್ತಿನ ಎಲ್ಲ ಕಡೆ, ಈಗಿರುವ ಮತ್ತು ಮುಂದೆ ಬರುವ ಎಲ್ಲ ಮಾಧ್ಯಮಗಳಲ್ಲಿ, ಕಾಲದ ಮಿತಿಯಿಲ್ಲದೆ ಬಳಸಬಹುದು. 500 ಡಾಲರಿಗೆ ಇಡೀ ಜನ್ಮಕ್ಕೆ! ಲಾಯರ್ ಒಬ್ಬರು ಅರ್ಧ ಗಂಟೆ ಕೂತು ಓದಿ, ಅದನ್ನು ಆರು ತಿಂಗಳು ಅಂತ ತಿದ್ದಿ ಕಳಿಸಿದರು. ಕಂಪನಿಯವರು ಅವತ್ತು ಸಂಜೆಯೇ ಓಕೆ ಅಂದರು. ಒಂದು ಪ್ರಶ್ನೆಯಿಲ್ಲ, ಚೌಕಾಸಿಯಿಲ್ಲ. ನಾವು ಕೇಳದೇ ಇದ್ದಿದ್ದರೆ ಆ ಸಾಲು ಹಾಗೇ ಉಳಿಯುತ್ತಿತ್ತು, ಅಷ್ಟೇ.

ಅಲ್ಲಿಂದ ಮುಂದೆ, ಮಕ್ಕಳು ಕಾಲೇಜು ತಂಡದಲ್ಲಿರುವ ಪರಿಚಯದವರು ನನ್ನನ್ನೇ ಕೇಳತೊಡಗಿದರು. ನಾನು ವಕೀಲೆಯಲ್ಲ. ಲಾಯರ್ ಹತ್ತಿರ ಯಾವಾಗ ಹೋಗಬೇಕು, ಏನು ಹಿಡಿದುಕೊಂಡು ಹೋಗಬೇಕು, ಏನು ಕೇಳಬೇಕು ಅನ್ನುವುದನ್ನು ಮಾತ್ರ ಹೇಳಬಲ್ಲೆ.

ಹಿನ್ನೆಲೆ, ಚುಟುಕಾಗಿ

ಕಾಲೇಜು ಆಟಗಾರರು ತಮ್ಮ ಹೆಸರು ಮುಂದಿಟ್ಟು ದುಡ್ಡು ಮಾಡುವಂತಿಲ್ಲ ಅಂತ, ಅಲ್ಲಿನ ಕಾಲೇಜು ಕ್ರೀಡೆಗಳಿಗೆ ನಿಯಮ ಮಾಡುವ ಸಂಸ್ಥೆ ಎನ್‌ಸಿಎಎ ದಶಕಗಳ ಕಾಲ ಪಟ್ಟು ಹಿಡಿದಿತ್ತು. 2019ರಲ್ಲಿ ಕ್ಯಾಲಿಫೋರ್ನಿಯಾ ಮೊದಲು ಇದರ ವಿರುದ್ಧ ಕಾನೂನು ಮಾಡಿತು. 2021ರ ಜೂನ್ 21ರಂದು ಆಲ್‌ಸ್ಟನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟರು. ಆ ತೀರ್ಪು ಓದಿಗೆ ಸಂಬಂಧಿಸಿದ ಸೌಲಭ್ಯಗಳ ಬಗ್ಗೆ ಇತ್ತು, ಜಾಹೀರಾತಿನ ಬಗ್ಗೆ ಅಲ್ಲ. ಆದರೂ ಗಾಳಿ ಎತ್ತ ಬೀಸುತ್ತಿದೆ ಅನ್ನುವುದು ಎಲ್ಲರಿಗೂ ಗೊತ್ತಾಯಿತು. ಹತ್ತೇ ದಿನದಲ್ಲಿ, ಜುಲೈ 1ರಿಂದ, ಆಟಗಾರರು ತಮ್ಮ ಹೆಸರು, ಚಿತ್ರ, ರೂಪದಿಂದ ಗಳಿಸಬಹುದು ಅಂತಾಯಿತು. ಇದನ್ನೇ ಎಲ್ಲರೂ ಎನ್‌ಐಎಲ್ ಅನ್ನುವುದು.

2025ರ ಜೂನ್‌ನಲ್ಲಿ ಇನ್ನೊಂದು ದೊಡ್ಡ ಬದಲಾವಣೆ ಬಂತು. ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ಹೌಸ್ ಪ್ರಕರಣದ ರಾಜಿಗೆ ಕೋರ್ಟ್ ಒಪ್ಪಿಗೆ ಕೊಟ್ಟ ಮೇಲೆ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. 2025-26ಕ್ಕೆ ಒಂದು ಕಾಲೇಜಿಗೆ ಮಿತಿ ಸುಮಾರು 2.05 ಕೋಟಿ ಡಾಲರ್. ಹಾಗಾಗಿ ಈಗ ಆಟಗಾರರ ಮುಂದೆ ಎರಡು ಕಡೆಯಿಂದ ಕಾಗದ ಬರುತ್ತದೆ, ಕಂಪನಿಗಳಿಂದ ಮತ್ತು ಕಾಲೇಜಿನಿಂದ. ಎರಡಕ್ಕೂ ಲಾಯರ್ ಬೇಕು.

ಮೊದಲ ಹೆಜ್ಜೆ: ಟೈಮ್ ತಗೊಳ್ಳಿ

"ಇವತ್ತು ರಾತ್ರಿ ಹನ್ನೆರಡರೊಳಗೆ ಸಹಿ ಹಾಕಿ, ಇಲ್ಲಾಂದ್ರೆ ಬೇರೆಯವರಿಗೆ ಹೋಗುತ್ತೆ" ಅನ್ನುವ ಮೆಸೇಜ್ ಬಂದರೆ ಗಾಬರಿ ಬೇಡ. ನಿಜವಾಗಿ ನೀವೇ ಬೇಕು ಅನ್ನುವ ಕಂಪನಿ ಐದು ದಿನ ಕಾಯುತ್ತದೆ. ಇಷ್ಟು ಬರೆದರೆ ಸಾಕು: "ಅವಕಾಶಕ್ಕೆ ಧನ್ಯವಾದ. ನನ್ನ ಲಾಯರ್ ಓದುತ್ತಿದ್ದಾರೆ. ಮುಂದಿನ ವಾರ ಉತ್ತರಿಸುತ್ತೇನೆ." 'ಲಾಯರ್' ಅನ್ನುವ ಪದ ಕೇಳಿದ್ದಕ್ಕೇ ಕಾಣೆಯಾಗುವ ಕಂಪನಿ ಇದ್ದರೆ, ಹೋಗಲಿ ಬಿಡಿ.

ಬಾಯಿಮಾತಿಗೂ ಇದೇ ಎಚ್ಚರ ಬೇಕು. 2024ರ ಸೆಪ್ಟೆಂಬರ್‌ನಲ್ಲಿ ಲಾಸ್ ವೇಗಸ್‌ನ ಯೂನಿವರ್ಸಿಟಿ ಯುಎನ್‌ಎಲ್‌ವಿಯ ಅಮೆರಿಕನ್ ಫುಟ್‌ಬಾಲ್ ತಂಡದ ಕ್ವಾರ್ಟರ್‌ಬ್ಯಾಕ್ (ತಂಡದ ದಾಳಿ ನಡೆಸುವ ಆಟಗಾರ) ಮ್ಯಾಥ್ಯೂ ಸ್ಲೂಕಾ ಮೂರು ಪಂದ್ಯ ಆಡಿ, ಮೂರನ್ನೂ ಗೆದ್ದ ಮೇಲೆ, ತಂಡದಿಂದ ಹೊರನಡೆದರು. ಕೊಡುತ್ತೇವೆ ಅಂದಿದ್ದ 1 ಲಕ್ಷ ಡಾಲರ್ ಬರಲಿಲ್ಲ ಅನ್ನುವುದು ಅವರ ಕಡೆಯ ದೂರು. ಆದರೆ ಆ ಮಾತಿಗೆ ಬರಹದ ಕರಾರೇ ಇರಲಿಲ್ಲ. ಕೋಚ್ ಎಷ್ಟೇ ಒಳ್ಳೆಯವರಿರಲಿ, ಹೇಳಿದ್ದನ್ನು ಬರೆಸಿಕೊಳ್ಳಿ.

ಇದಕ್ಕೆ ಉಲ್ಟಾ ತೊಂದರೆಯೂ ಇದೆ. "ಇದು ಬರೀ ಟರ್ಮ್ ಶೀಟ್, ನಿಜವಾದ ಕರಾರು ಆಮೇಲೆ ಬರುತ್ತೆ" ಅಂತ ಒಂದೆರಡು ಪುಟ ಮುಂದಿಡುತ್ತಾರೆ. ಜಾರ್ಜಿಯಾ ಯೂನಿವರ್ಸಿಟಿಯ ತಂಡ ಬಿಟ್ಟು ಮಿಸ್ಸೋರಿಗೆ ಹೋದ ಫುಟ್‌ಬಾಲ್ ಆಟಗಾರ ಡೇಮನ್ ವಿಲ್ಸನ್ ಅವರ ಜಗಳ ಇಂಥದ್ದೊಂದು ಕಾಗದದ ಮೇಲೇ ನಿಂತಿದೆ. ನಡುವೆ ಬಿಟ್ಟು ಹೋದದ್ದಕ್ಕೆ 3,90,000 ಡಾಲರ್ ಕೊಡಬೇಕು ಅಂತ ಜಾರ್ಜಿಯಾದ ಕ್ರೀಡಾ ಸಂಸ್ಥೆ ಕೋರ್ಟಿಗೆ ಹೋಯಿತು. ವಿಲ್ಸನ್ ಅವರೂ ತಿರುಗಿ ದಾವೆ ಹೂಡಿದರು. ಯಾರು ಸರಿ ಅನ್ನುವುದು ನಮಗೆ ಬೇಡ. ಸಹಿ ಹಾಕುವ ಜಾಗ ಇರುವ ಯಾವ ಕಾಗದವೂ 'ಬರೀ' ಅಲ್ಲ.

ಎರಡನೇ ಹೆಜ್ಜೆ: ಯಾರು ಯಾರ ಪರ ಅಂತ ತಿಳಿಯಿರಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಆಟಗಾರರ ಸುತ್ತ ತುಂಬಾ ಜನ ಇರುತ್ತಾರೆ. ಎಲ್ಲರೂ ನಗುನಗುತ್ತಾ ಮಾತಾಡುತ್ತಾರೆ. ಎಲ್ಲರೂ ನಿಮ್ಮವರಲ್ಲ.

ಕಾಲೇಜಿನ ಕಂಪ್ಲಯನ್ಸ್ ಆಫೀಸಿನವರು ನಿಯಮ ಹೇಳಿಕೊಡುತ್ತಾರೆ. ಅವರ ಹತ್ತಿರ ಹೋಗಲೇಬೇಕು. ಆದರೆ ಅವರಿಗೆ ಸಂಬಳ ಕೊಡುವುದು ಕಾಲೇಜು. ನಿಮ್ಮ ಹಿತ, ಕಾಲೇಜಿನ ಹಿತ ಬೇರೆ ಬೇರೆಯಾದ ದಿನ ಅವರು ಯಾವ ಕಡೆ ನಿಲ್ಲುತ್ತಾರೆ ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಕಾಲೇಜು ಬೆಂಬಲಿಗರ ಹಣ ಕೂಡಿಸಿ ಹಂಚುವ ಕಲೆಕ್ಟಿವ್‌ಗಳು ಕರಾರಿನ ಎದುರು ಪಕ್ಷ. ಏಜೆಂಟ್ ನಿಮ್ಮ ಪರವೇ ಇರುತ್ತಾರೆ, ಆದರೆ ಅವರ ಪಾಲು ಸಿಗುವುದು ಸಹಿ ಬಿದ್ದ ಮೇಲೆ. ಜಾಹೀರಾತು ಕರಾರುಗಳಲ್ಲಿ ಅದು ಸಾಮಾನ್ಯವಾಗಿ ಶೇ 10ರಿಂದ 20. "ಇದು ಬೇಡ, ಬಿಟ್ಟುಬಿಡಿ" ಅಂತ ಹೇಳಿದರೆ ಅವರಿಗೆ ಏನೂ ಸಿಗುವುದಿಲ್ಲ. ಗಂಟೆಗಿಷ್ಟು ಅಥವಾ ಕರಾರಿಗಿಷ್ಟು ಅಂತ ಫೀಸು ತಗೊಳ್ಳುವ ಲಾಯರ್ ಮಾತ್ರ ಆ ಮಾತನ್ನು ನಷ್ಟವಿಲ್ಲದೆ ಹೇಳಬಲ್ಲರು.

ಏಜೆಂಟ್ ಜೊತೆಗಿನ ಕರಾರು ಕೂಡ ಒಂದು ಕರಾರೇ ಅನ್ನುವುದನ್ನು ಎಷ್ಟೋ ಜನ ಮರೆಯುತ್ತಾರೆ. ಮೊದಲು ಲಾಯರ್‌ಗೆ ತೋರಿಸಬೇಕಾದದ್ದು ಅದನ್ನೇ. ಈ ವಿಷಯದಲ್ಲಿ ಕಾನೂನು ಸ್ವಲ್ಪ ನಿಮ್ಮ ಕಡೆ ಇದೆ. 2004ರ ಫೆಡರಲ್ ಕಾನೂನಿನ ಪ್ರಕಾರ ಏಜೆಂಟ್ ಸುಳ್ಳು ಹೇಳಿ, ಅಥವಾ ಮೊದಲೇ ಉಡುಗೊರೆ ಕೊಟ್ಟು ಆಟಗಾರರನ್ನು ಸೆಳೆಯುವಂತಿಲ್ಲ. ಕರಾರಾದ 72 ಗಂಟೆಯೊಳಗೆ, ಅಥವಾ ಮುಂದಿನ ಪಂದ್ಯಕ್ಕೆ ಮುಂಚೆ, ಯಾವುದು ಮೊದಲೋ ಆಗ, ಏಜೆಂಟ್ ಮತ್ತು ಆಟಗಾರರು ಇಬ್ಬರೂ ಕಾಲೇಜಿನ ಕ್ರೀಡಾ ನಿರ್ದೇಶಕರಿಗೆ ತಿಳಿಸಬೇಕು. ಬಹಳಷ್ಟು ರಾಜ್ಯಗಳು ಒಪ್ಪಿಕೊಂಡಿರುವ ಮಾದರಿ ಕಾನೂನಿನಲ್ಲಿ, ಏಜೆಂಟ್ ಕರಾರಿಗೆ ಸಹಿ ಹಾಕಿದ 14 ದಿನದೊಳಗೆ ಆಟಗಾರರು ಅದನ್ನು ರದ್ದು ಮಾಡಬಹುದು. ಏಜೆಂಟ್ ರಾಜ್ಯದಲ್ಲಿ ನೋಂದಣಿ ಮಾಡಿಸಿದ್ದಾರಾ ಅಂತ ಸರ್ಕಾರದ ಪಟ್ಟಿಯಲ್ಲಿ ನೋಡಿ. ಗಮನಿಸಿ, ಈ 14 ದಿನದ ಅವಕಾಶ ಏಜೆಂಟ್ ಕರಾರಿಗೆ ಮಾತ್ರ. ಕಂಪನಿಯ ಜೊತೆಗಿನ ಜಾಹೀರಾತು ಕರಾರಿಗೂ ಅದು ಇದೆ ಅಂದುಕೊಂಡು ಕೈ ಸುಟ್ಟುಕೊಳ್ಳಬೇಡಿ.

ಏಜೆಂಟ್ ಕರಾರಿನಲ್ಲಿ ಇನ್ನೊಂದು ವಿಷಯ. ಅದು ಎನ್‌ಐಎಲ್ ಕೆಲಸಕ್ಕೆ ಮಾತ್ರ ಅಂತ ಸ್ಪಷ್ಟವಾಗಿ ಬರೆದಿರಬೇಕು. ವೃತ್ತಿಪರ ಕ್ರೀಡೆಯ ಒಪ್ಪಂದ ಕುದುರಿಸುವ ಏಜೆಂಟ್ ಅನ್ನುವ ಅರ್ಥ ಬಂದರೆ ಕಾಲೇಜಿನಲ್ಲಿ ಆಡುವ ಅರ್ಹತೆಗೇ ಕುತ್ತು.

ಮೂರನೇ ಹೆಜ್ಜೆ: ಲಾಯರ್ ಹುಡುಕುವುದು

ಒಳ್ಳೆಯ ಲಾಯರ್ ಅಂದರೆ ಸಾಲದು, ಇಂಥ ಕರಾರು ಓದಿ ಅಭ್ಯಾಸ ಇರುವವರು ಬೇಕು. ಮನೆ ಕ್ರಯಪತ್ರ ಮಾಡಿಕೊಟ್ಟ ಪರಿಚಯದವರು ಪಾಪ ಓದುತ್ತಾರೆ, ಆದರೆ ಅವರ ಕಣ್ಣು ಬೇರೆ ಕಡೆ ಇರುತ್ತದೆ. ಎನ್‌ಐಎಲ್‌ಗೆ ಇಡೀ ದೇಶಕ್ಕೆ ಒಂದೇ ಕಾನೂನಿಲ್ಲ, ರಾಜ್ಯಕ್ಕೊಂದು. ಹಾಗಾಗಿ ಕಾಲೇಜು ಇರುವ ರಾಜ್ಯದ ಕಾನೂನು ಗೊತ್ತಿರುವವರನ್ನು ಹುಡುಕಿ.

ಕೆಲವು ಕಾನೂನು ಕಾಲೇಜುಗಳು ಆಟಗಾರರಿಗೆ ಅಂತಲೇ ಕ್ಲಿನಿಕ್ ನಡೆಸುತ್ತವೆ. ಪ್ರೊಫೆಸರ್‌ಗಳ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳು ಕರಾರು ಓದಿಕೊಡುತ್ತಾರೆ. ಚಿಕ್ಕ ಕರಾರುಗಳಿಗೆ ಇದು ಧಾರಾಳ ಸಾಕು. ಸಿಗದಿದ್ದರೆ ರಾಜ್ಯದ ಬಾರ್ ಅಸೋಸಿಯೇಷನ್‌ನ ಲಾಯರ್ ರೆಫರಲ್ ಸೇವೆ ಇದೆ. ಹೆಸರು ಸಿಕ್ಕ ಮೇಲೆ ಅವರ ಲೈಸೆನ್ಸ್ ಚಾಲ್ತಿಯಲ್ಲಿದೆಯಾ, ಶಿಸ್ತು ಕ್ರಮ ಏನಾದರೂ ಆಗಿದೆಯಾ ಅಂತ ಬಾರ್‌ನ ವೆಬ್‌ಸೈಟಿನಲ್ಲೇ ನೋಡಬಹುದು.

ಏಜೆಂಟೇ "ನಮ್ಮ ಲಾಯರ್ ಇದ್ದಾರೆ, ಫ್ರೀ" ಅಂದರೆ ಬೇಡ ಅನ್ನಿ. ಮೊದಲ ಮಾತುಕತೆಯಲ್ಲೇ ಲಾಯರ್‌ಗೆ ನೇರವಾಗಿ ಕೇಳಿ: ನಿಮ್ಮ ಕಕ್ಷಿದಾರ ಯಾರು? ಈ ಕಂಪನಿಗೋ, ಏಜೆಂಟ್‌ಗೋ, ಕಾಲೇಜಿಗೋ ಯಾವತ್ತಾದರೂ ಕೆಲಸ ಮಾಡಿದ್ದೀರಾ? ಈ ಒಂದು ಕರಾರು ಓದಿ ತಿದ್ದಲು ಒಟ್ಟು ಎಷ್ಟಾಗುತ್ತೆ? ಮೂರಕ್ಕೂ ಉತ್ತರ ಬರಹದಲ್ಲಿ ಬರಲಿ.

ಅಪ್ಪ ಅಮ್ಮಂದಿರಿಗೆ ಇಲ್ಲೊಂದು ಕಿವಿಮಾತು. ಫೀಸು ನೀವು ಕೊಟ್ಟರೂ, ಮಗನಿಗೋ ಮಗಳಿಗೋ 18 ತುಂಬಿದ್ದರೆ ಕಕ್ಷಿದಾರರು ಅವರು, ನೀವಲ್ಲ. ಲಾಯರ್ ಮತ್ತು ಕಕ್ಷಿದಾರರ ಮಾತು ಗುಟ್ಟಾಗಿರುತ್ತದೆ ಅನ್ನುವ ರಕ್ಷಣೆಗೆ ಮೂರನೆಯವರು ಕೂತರೆ ಧಕ್ಕೆ ಬರಬಹುದು. ನಾವೂ ಕೂರಬಹುದಾ ಅಂತ ಮೊದಲೇ ಕೇಳಿಬಿಡಿ, ಬೇಸರ ಮಾಡಿಕೊಳ್ಳಬೇಡಿ. ಅಕ್ಕನಿಗೆ ಇದನ್ನು ಒಪ್ಪಿಸುವಷ್ಟರಲ್ಲಿ ನನಗೆ ಸಾಕಾಗಿಹೋಯಿತು.

18 ತುಂಬದವರ ವಿಷಯ ಬೇರೆ. ಅಪ್ರಾಪ್ತರು ಮಾಡಿದ ಕರಾರನ್ನು ಅವರು ಸಾಮಾನ್ಯವಾಗಿ ಆಮೇಲೆ ತಿರಸ್ಕರಿಸಬಹುದು. ಅದಕ್ಕೇ ಕಂಪನಿಯವರು ಪೋಷಕರ ಸಹಿ ಕೇಳುವುದು. ಆ ಸಹಿ ಬರೀ ಒಪ್ಪಿಗೆಯಾ, ಇಲ್ಲಾ ಮಗು ತಪ್ಪಿದರೆ ನೀವು ಹಣ ಕಟ್ಟುವ ಜಾಮೀನಾ ಅಂತ ಲಾಯರ್ ಹತ್ತಿರ ಓದಿಸಿ. ಹೈಸ್ಕೂಲ್ ಕ್ರೀಡೆಯ ನಿಯಮ ಕೂಡ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ.

ನಾಲ್ಕನೇ ಹೆಜ್ಜೆ: ಬರಿಗೈಲಿ ಹೋಗಬೇಡಿ

ಕರಾರಿನ ಪೂರ್ತಿ ಪ್ರತಿ, ಅದು ಹೆಸರಿಸುವ ಎಲ್ಲ ಅನುಬಂಧಗಳು, ಕಂಪನಿಯವರ ಜೊತೆ ನಡೆದ ಮೆಸೇಜುಗಳ ಸ್ಕ್ರೀನ್‌ಶಾಟ್, ಈಗಾಗಲೇ ಸಹಿ ಮಾಡಿರುವ ಬೇರೆ ಕರಾರುಗಳು, ಕಾಲೇಜಿನ ಎನ್‌ಐಎಲ್ ನೀತಿ, ಸ್ಕಾಲರ್‌ಶಿಪ್ ಪತ್ರ. ಇಷ್ಟನ್ನೂ ಮೊದಲೇ ಈಮೇಲ್ ಮಾಡಿದರೆ ಲಾಯರ್ ಮೀಟರ್ ಓಡುವಾಗ ಹುಡುಕಾಡುವುದು ತಪ್ಪುತ್ತದೆ. ಮೆಸೇಜುಗಳು ಯಾಕೆ ಅಂದರೆ, "ಇದರಲ್ಲಿ ಬರೆದದ್ದೇ ಪೂರ್ತಿ ಒಪ್ಪಂದ, ಹಿಂದಿನ ಮಾತುಗಳು ಲೆಕ್ಕಕ್ಕಿಲ್ಲ" ಅನ್ನುವ ಷರತ್ತು ಹೆಚ್ಚುಕಮ್ಮಿ ಎಲ್ಲ ಕರಾರಿನಲ್ಲೂ ಇರುತ್ತದೆ. ಮೆಸೇಜಿನಲ್ಲಿ ಹೇಳಿದ್ದು ಕರಾರಿನಲ್ಲಿ ಇಲ್ಲದಿದ್ದರೆ ಅದು ಇಲ್ಲವೇ ಇಲ್ಲ.

ಐದನೇ ಹೆಜ್ಜೆ: ಯಾವ ಸಾಲಿಗೆ ಬೆರಳಿಡಬೇಕು

ಮೊದಲು ಅವಧಿ ಮತ್ತು ವ್ಯಾಪ್ತಿ. ಎಷ್ಟು ದಿನ, ಎಲ್ಲೆಲ್ಲಿ, ಏನೇನು. ಕರಾರು ಮುಗಿದ ಮೇಲೆ ಹಳೇ ಪೋಸ್ಟ್ ಹಾಗೇ ಇರಬಹುದು, ಹೊಸದಾಗಿ ಬಳಸುವಂತಿಲ್ಲ ಅಂತ ಬರೆಸಬಹುದು. ನಿಮ್ಮ ಮುಖ, ದನಿ ಇಟ್ಟುಕೊಂಡು ಎಐ ಮೂಲಕ ಹೊಸ ವಿಡಿಯೋ ಮಾಡಬಹುದಾ ಅಂತಲೂ ಕೇಳಿ. ಹಳೇ ನಮೂನೆಯ ಕರಾರಿನಲ್ಲಿ ಅದರ ಮಾತೇ ಇರುವುದಿಲ್ಲ, ಆದರೆ 'ಮುಂದೆ ಬರುವ ಎಲ್ಲ ಮಾಧ್ಯಮ' ಅನ್ನುವ ಪದದೊಳಗೆ ಅದು ನುಸುಳಿಕೊಳ್ಳಬಹುದು.

ಹಣ ಮುಂಗಡ ಕೊಟ್ಟು, ಮುಂದಿನ ಗಳಿಕೆಯಲ್ಲಿ ಪಾಲು ಕೇಳುವ ಕರಾರುಗಳನ್ನು ಕಂಡರೆ ನನಗೆ ಭಯ. ಫ್ಲೋರಿಡಾ ಯೂನಿವರ್ಸಿಟಿಯ ಜರ್ವಾನ್ ಡೆಕ್ಸ್‌ಟರ್ 2022ರಲ್ಲಿ ಬಿಗ್ ಲೀಗ್ ಅಡ್ವಾನ್ಸ್ ಫಂಡ್ ಜೊತೆ ಒಂದು ಒಪ್ಪಂದ ಮಾಡಿಕೊಂಡರು. ಕೈಗೆ ಬಂದದ್ದು 4,36,485 ಡಾಲರ್. ಬದಲಿಗೆ ಮುಂದೆ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಆಗುವ ಗಳಿಕೆಯಲ್ಲಿ ಶೇ 15, ಅದೂ ತೆರಿಗೆಗೆ ಮುಂಚಿನ ಲೆಕ್ಕದಲ್ಲಿ, 25 ವರ್ಷ. ಮುಂದಿನ ವರ್ಷ ಆ ಲೀಗಿನ ಚಿಕಾಗೋ ಬೇರ್ಸ್ ತಂಡ ಅವರನ್ನು ಹೊಸ ಆಟಗಾರರ ಆಯ್ಕೆಯ ಎರಡನೇ ಸುತ್ತಿನಲ್ಲಿ ಆರಿಸಿಕೊಂಡಿತು. ಅದೇ ವರ್ಷ ಅವರು ಈ ಕರಾರು ರಾಜ್ಯದ ಕಾನೂನಿಗೆ ವಿರುದ್ಧ ಅಂತ ದಾವೆ ಹೂಡಿದರು. ಇಪ್ಪತ್ತರ ಆಸುಪಾಸಿನ ಹುಡುಗನ ಮುಂದೆ ಅಷ್ಟು ದುಡ್ಡು ಇಟ್ಟರೆ 25 ವರ್ಷ ಅನ್ನುವುದು ಕಣ್ಣಿಗೇ ಬೀಳುವುದಿಲ್ಲ. ಅದಕ್ಕೇ ಇನ್ನೊಂದು ಜೋಡಿ ಕಣ್ಣು ಬೇಕಾಗುವುದು.

ಆಮೇಲೆ ರದ್ದತಿಯ ಷರತ್ತು. ಯಾರು, ಯಾವ ಕಾರಣಕ್ಕೆ, ಎಷ್ಟು ದಿನದ ನೋಟಿಸ್ ಕೊಟ್ಟು ಕರಾರು ಮುರಿಯಬಹುದು? ಜೇಡನ್ ರಶಾಡಾ ಅನ್ನುವ ಕ್ವಾರ್ಟರ್‌ಬ್ಯಾಕ್‌ಗೆ 2022ರಲ್ಲಿ ಫ್ಲೋರಿಡಾ ತಂಡದ ಕಲೆಕ್ಟಿವ್ ಒಂದು 1 ಕೋಟಿ 38.5 ಲಕ್ಷ ಡಾಲರ್‌ಗಳ ಕರಾರು ಕೊಟ್ಟಿತ್ತು. ಕೆಲವೇ ವಾರಗಳಲ್ಲಿ ರದ್ದಾಯಿತು. 2024ರಲ್ಲಿ ಅವರು ಕೋಚ್ ಮತ್ತಿತರರ ಮೇಲೆ ಕೋರ್ಟಿಗೆ ಹೋದರು. ಕಂಪನಿ ಯಾವಾಗ ಬೇಕಾದರೂ ಬಿಡಬಹುದು, ನೀವು ಮಾತ್ರ ಬಿಡುವಂತಿಲ್ಲ ಅಂತ ಇದ್ದರೆ ಅದು ಒಮ್ಮುಖದ ಕರಾರು. ನಡತೆಯ ಷರತ್ತನ್ನೂ ಜೊತೆಗೇ ನೋಡಿಸಿ. "ಕಂಪನಿಗೆ ಮುಜುಗರ ಆದರೆ" ಅಂತಿದ್ದರೆ, ಮುಜುಗರ ಆಯಿತಾ ಅಂತ ನಿರ್ಧರಿಸುವವರು ಯಾರು? ಗಾಯವಾಗಿ ಆಡಲಾಗದಿದ್ದರೆ? ಬೇರೆ ಕಾಲೇಜಿಗೆ ಹೋದರೆ ಪಡೆದ ಹಣ ವಾಪಸ್ಸಾ? ಕಾಲೇಜು ಕೊಡುವ ಕರಾರಿನಲ್ಲಿ ಈ ಕೊನೆಯದನ್ನು ಎರಡು ಸಲ ಓದಿಸಿ.

'ಬೇರೆ ಯಾರ ಜೊತೆಗೂ ಮಾಡುವಂತಿಲ್ಲ' ಅನ್ನುವ ಷರತ್ತು ಕೆಲವೊಮ್ಮೆ ಸಹಜವೇ. ಆದರೆ 'ಪಾನೀಯ' ಅಂತ ಬರೆದರೆ ನೀರು, ಕಾಫಿ, ಹಾಲು ಎಲ್ಲ ಬಂತು. 'ಎನರ್ಜಿ ಡ್ರಿಂಕ್' ಅಂತ ಬರೆಸಿದರೆ ಅದೊಂದೇ. ಒಂದೇ ಪದ, ನೋಡಿ. ಕಾಲೇಜಿಗೆ ನೈಕಿಯೋ ಅಡಿಡಾಸೋ ಜೊತೆ ಒಪ್ಪಂದ ಇದ್ದರೆ, ಪಂದ್ಯದ ದಿನ ನೀವು ಸಾಮಾನ್ಯವಾಗಿ ಬೇರೆ ಬ್ರ್ಯಾಂಡ್ ಶೂ ಹಾಕುವಂತಿಲ್ಲ. ಕಾಲೇಜಿನ ಲೋಗೋ, ಜೆರ್ಸಿಯನ್ನು ಅನುಮತಿಯಿಲ್ಲದೆ ಜಾಹೀರಾತಿನಲ್ಲಿ ತೋರಿಸುವಂತಿಲ್ಲ. ಜೂಜು, ಮದ್ಯ, ತಂಬಾಕಿನ ಜಾಹೀರಾತಿಗೆ ಹಲವು ರಾಜ್ಯಗಳಲ್ಲಿ ನಿಷೇಧವಿದೆ.

ಉಳಿದವನ್ನು ಬೇಗ ಹೇಳುತ್ತೇನೆ. ಹಣ ಯಾವ ದಿನ ಬರುತ್ತದೆ ಅಂತ ತಾರೀಕು ಇರಲಿ. ತಾನಾಗಿಯೇ ನವೀಕರಣವಾಗುವ ಸಾಲು ಇದ್ದರೆ ತೆಗೆಸಿ. ಕಂಪನಿಯ ಮೇಲೆ ಯಾರಾದರೂ ಕೇಸು ಹಾಕಿದರೆ ಖರ್ಚು ನೀವು ಭರಿಸಬೇಕು ಅನ್ನುವ ಷರತ್ತನ್ನು ನಿಮ್ಮ ತಪ್ಪಿಗೆ ಮಾತ್ರ ಸೀಮಿತ ಮಾಡಿಸಿ. ಜಗಳ ಕೋರ್ಟಿಗೋ, ಮಧ್ಯಸ್ಥಿಕೆಗೋ, ಯಾವ ಊರಿನಲ್ಲಿ ಅಂತ ನೋಡಿ. ಪೋಸ್ಟ್ ಹಾಕುವಾಗ ಇದು ಜಾಹೀರಾತು ಅಂತ ಎದ್ದು ಕಾಣುವ ಹಾಗೆ ಹೇಳಬೇಕು. ಇದು ಫೆಡರಲ್ ಟ್ರೇಡ್ ಕಮಿಷನ್ನಿನ ನಿಯಮ, ಕಂಪನಿ ಬೇಡ ಅಂದರೂ ಬಿಡುವಂತಿಲ್ಲ.

ಎಲ್ಲ ಕರಾರನ್ನೂ ತಿದ್ದಿಸಲಾಗುವುದಿಲ್ಲ ಅನ್ನುವುದೂ ನಿಜ. 2024ರಲ್ಲಿ ಇಎ ಸ್ಪೋರ್ಟ್ಸ್ ಕಾಲೇಜು ಫುಟ್‌ಬಾಲ್ ವಿಡಿಯೋ ಗೇಮ್ ತಂದಾಗ ಆಟಗಾರರಿಗೆ 600 ಡಾಲರ್ ಮತ್ತು ಗೇಮಿನ ಒಂದು ಪ್ರತಿ ಕೊಟ್ಟಿತು. ಸಾವಿರಾರು ಜನರಿಗೆ ಒಂದೇ ಕಾಗದ. ಅಂಥಲ್ಲಿ ಲಾಯರ್ ಕೆಲಸ ಚೌಕಾಸಿಯಲ್ಲ, ಇದು ನಿಮ್ಮ ಬೇರೆ ಕರಾರುಗಳಿಗೆ ಅಡ್ಡ ಬರುತ್ತದಾ ಅಂತ ನೋಡುವುದಷ್ಟೇ.

ಆರನೇ ಹೆಜ್ಜೆ: ವರದಿ ಮಾಡುವುದು

ಹೌಸ್ ರಾಜಿಯ ನಂತರ, ಅದಕ್ಕೆ ಒಳಪಟ್ಟ ಡಿವಿಷನ್ 1 (ಕಾಲೇಜು ಕ್ರೀಡೆಯ ಮೇಲಿನ ದರ್ಜೆ) ಕಾಲೇಜುಗಳ ಆಟಗಾರರು 600 ಡಾಲರ್ ಅಥವಾ ಅದಕ್ಕೂ ಜಾಸ್ತಿ ಮೊತ್ತದ ಹೊರಗಿನ ಕರಾರುಗಳನ್ನು ಎನ್‌ಐಎಲ್ ಗೋ ಅನ್ನುವ ವ್ಯವಸ್ಥೆಗೆ ಐದು ಕೆಲಸದ ದಿನಗಳೊಳಗೆ ತಿಳಿಸಬೇಕು. ಒಂದೇ ಕಡೆಯವರು ಕೊಟ್ಟ ಚಿಕ್ಕ ಚಿಕ್ಕ ಕರಾರು ಸೇರಿ 600 ಆದರೂ ಲೆಕ್ಕಕ್ಕೆ ಬರುತ್ತದೆ. ಕಾಲೇಜಿನ ಜೊತೆ ನಂಟಿರುವ ಸಂಸ್ಥೆಯೋ ಬೆಂಬಲಿಗರೋ ಕೊಟ್ಟ ಕರಾರಾದರೆ, ನಿಜವಾದ ವ್ಯಾಪಾರದ ಉದ್ದೇಶ ಇದೆಯಾ, ಮೊತ್ತ ಸಮಂಜಸವಾ ಅಂತ ಪರಿಶೀಲಿಸುತ್ತಾರೆ. ಒಪ್ಪಿಗೆ ಸಿಗದಿದ್ದರೆ ಕರಾರು ಬಿದ್ದುಹೋಗುತ್ತದೆ, ಯಾರೂ ಯಾರಿಗೂ ಏನೂ ಕೊಡಬೇಕಿಲ್ಲ ಅನ್ನುವ ಒಂದು ಸಾಲನ್ನು ಲಾಯರ್ ಹತ್ತಿರ ಮೊದಲೇ ಸೇರಿಸಿ. ಕರಾರಿನಲ್ಲಿ ಗೋಪ್ಯತೆಯ ಷರತ್ತಿದ್ದರೆ ಕಾಲೇಜಿಗೆ, ಲಾಯರ್‌ಗೆ, ಲೆಕ್ಕಪತ್ರದವರಿಗೆ ತೋರಿಸಲು ವಿನಾಯಿತಿ ಬರೆಸಿ.

ಏಳನೇ ಹೆಜ್ಜೆ, ಎಫ್-1 (ವಿದ್ಯಾರ್ಥಿ) ವೀಸಾದಲ್ಲಿದ್ದರೆ ಇದೇ ಮೊದಲನೇದು

ಓದಲು ಬಂದು ತಂಡದಲ್ಲಿರುವ ವಿದೇಶಿ ವಿದ್ಯಾರ್ಥಿಗಳು ತಂಡದ ಗೆಳೆಯರನ್ನು ನೋಡಿ ಸಹಿ ಹಾಕಬೇಡಿ. ಎಫ್-1 ವೀಸಾದಲ್ಲಿ ಅನುಮತಿಯಿಲ್ಲದ ಕೆಲಸ ಮಾಡಿದರೆ ವೀಸಾ ಸ್ಥಾನಮಾನವೇ ಹೋಗಬಹುದು. ಶೂಟಿಂಗ್‌ಗೆ ಹೋಗುವುದು, ಪೋಸ್ಟ್ ಹಾಕುವುದು, ಆಟೋಗ್ರಾಫ್ ಕೊಡುವುದು ಕೆಲಸ ಅಂತ ಎಣಿಕೆಯಾಗುವ ಅಪಾಯ ಇದೆ. ಹಣದ ಬದಲು ಸಾಮಾನು ಕೊಟ್ಟರೆ ಪರವಾಗಿಲ್ಲ ಅನ್ನುವ ಮಾತನ್ನೂ ನಂಬಬೇಡಿ.

ಕೆಂಟಕಿ ತಂಡದ ಬ್ಯಾಸ್ಕೆಟ್‌ಬಾಲ್ ಆಟಗಾರ, ಕಾಂಗೋ ದೇಶದ ಆಸ್ಕರ್ ಶಿಬ್ವೆ ಏನು ಮಾಡಿದರು ನೋಡಿ. 2022ರ ಆಗಸ್ಟ್‌ನಲ್ಲಿ ತಂಡ ಬಹಾಮಾಸ್ ಪ್ರವಾಸಕ್ಕೆ ಹೋದಾಗ, ಅಮೆರಿಕದ ನೆಲದ ಹೊರಗೇ ತಮ್ಮ ಪ್ರಚಾರದ ಕೆಲಸಗಳನ್ನು ಮುಗಿಸಿಕೊಂಡರು. ಜಾಣತನ. ಆದರೆ ಅದನ್ನು ವಲಸೆ ಕಾನೂನಿನ ಲಾಯರ್ ಇಲ್ಲದೆ ನೀವಾಗಿಯೇ ನಕಲು ಮಾಡಬೇಡಿ. ಕರಾರು ಓದುವ ಲಾಯರ್ ಬೇರೆ, ವೀಸಾ ಬಲ್ಲ ಲಾಯರ್ ಬೇರೆ. ಐ-20 (ವಿದ್ಯಾರ್ಥಿ ವೀಸಾಕ್ಕೆ ಕಾಲೇಜು ಕೊಡುವ ಪತ್ರ) ನೋಡಿಕೊಳ್ಳುವ ಕಾಲೇಜಿನ ಅಧಿಕಾರಿಗೂ ತಿಳಿಸಿ, ಆದರೆ ಅವರು ಕೊಡುವುದು ಮಾಹಿತಿ, ಕಾನೂನು ಸಲಹೆಯಲ್ಲ.

ತೆರಿಗೆ

ಉದ್ದ ಮಾಡುವುದಿಲ್ಲ. ಎನ್‌ಐಎಲ್ ಹಣದಲ್ಲಿ ಸಾಮಾನ್ಯವಾಗಿ ಯಾರೂ ತೆರಿಗೆ ಹಿಡಿದು ಕೊಡುವುದಿಲ್ಲ. ಖರ್ಚು ಕಳೆದು ವರ್ಷಕ್ಕೆ 400 ಡಾಲರ್ ಉಳಿದರೆ ಸ್ವಂತ ಉದ್ಯೋಗದ ತೆರಿಗೆ ಶೇ 15.3 ಬೀಳುತ್ತದೆ, ಆದಾಯ ತೆರಿಗೆ ಅದರ ಮೇಲೆ. ಪುಕ್ಕಟೆ ಬಂದ ಶೂ, ಕಾರು, ಡ್ರಿಂಕ್ ಪೆಟ್ಟಿಗೆಗೂ ಬೆಲೆ ಕಟ್ಟಿ ತೋರಿಸಬೇಕು. ಎಷ್ಟು ಹಣ ಕೊಟ್ಟೆವು ಅಂತ ತೋರಿಸುವ 1099 ಫಾರ್ಮನ್ನು ಕಂಪನಿ ಕಳಿಸಲಿಲ್ಲ ಅಂದರೆ ತೆರಿಗೆ ಇಲ್ಲ ಅಂತ ಅರ್ಥವಲ್ಲ. ಫ್ಯಾಫ್ಸಾ (ಓದಿಗೆ ಸರ್ಕಾರದ ನೆರವು ಕೇಳುವ ಅರ್ಜಿ) ಮೂಲಕ ನೆರವು ಪಡೆಯುತ್ತಿದ್ದರೆ ಈ ಆದಾಯ ಅಲ್ಲಿಯೂ ಲೆಕ್ಕಕ್ಕೆ ಬರುತ್ತದೆ, ಸಹಿ ಹಾಕುವ ಮುಂಚೆ ವಿಚಾರಿಸಿ.

ಸಹಿ ಹಾಕುವ ದಿನ

ಎಲ್ಲ ಮುಗಿದು ಕೊನೆಯ ಪಿಡಿಎಫ್ ಬಂದಾಗ ಅದನ್ನು ಲಾಯರ್ ತಿದ್ದಿದ ಪ್ರತಿಯ ಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸಿ. ಎದುರಿನವರ ಸಹಿಯೂ ಬಿದ್ದ ಪ್ರತಿ ನಿಮ್ಮ ಕೈಗೆ ಬರುವ ತನಕ ಕೆಲಸ ಶುರು ಮಾಡಬೇಡಿ. ನಮ್ಮ ಹುಡುಗಿಗೆ ಓಕೆ ಅಂದಿದ್ದರಲ್ಲ ಆ ಕಂಪನಿಯವರು, ಅವರು ಸಹಿಗೆ ಕಳಿಸಿದ ಫೈಲಿನ ಮೂರನೇ ಪುಟದಲ್ಲಿ ಆರು ತಿಂಗಳು ಇರಲಿಲ್ಲ. ಹಳೇ ಸಾಲೇ ಇತ್ತು. ಬೇಕಂತ ಮಾಡಿದರೋ, ಹಳೇ ಫೈಲ್ ಕಳಿಸಿಬಿಟ್ಟರೋ ಗೊತ್ತಿಲ್ಲ. ಈ ಸಲ ನನಗೆ ಫೋನ್ ಬರಲಿಲ್ಲ. ಅವಳೇ ಕಂಡುಹಿಡಿದು, ವಾಪಸ್ ಕಳಿಸಿ, ಸರಿ ಮಾಡಿಸಿಕೊಂಡು, ಆಮೇಲೆ ನನಗೆ ಮೆಸೇಜ್ ಹಾಕಿದಳು.